ಶೈಲಶ್ರೀಯ ಹಗೆ

ಕಂಪ್ಯೂಟರ್ ಕಲಿಸುವ ಮನುಷ್ಯನಿಗೆ ಜೋಳದ ತೆನೆ ಕಪ್ಪಾಗಿಸುವ ಕಾಡಿಗೆ ರೋಗದ ಮೇಲೆ ಯಾಕೆ ಇಷ್ಟು ಪ್ರೀತಿ? ಶೈಲಶ್ರೀಗೆ ಸಂಶಯ ಹುಟ್ಟಿದ್ದೇ ಅಲ್ಲಿ.

ರೋಣದ ಆ ಸಣ್ಣ ಕಾಲೇಜಿಗೆ ಅವಳೇ ಗ್ರಂಥಪಾಲಕಿ. ಪೇಟೆಯ ಕಾಳಿನ ವ್ಯಾಪಾರಿಯ ಮಗಳು. ಕಳಕೇಶ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕ, ಲಕ್ಕಲಕಟ್ಟಿಯ ರೈತರ ಮನೆಯವನು. ದಿನಾ ಸಂಜೆ ಲೈಬ್ರರಿಗೆ ಬಂದು ಮೂಲೆಯ ಕಂಪ್ಯೂಟರ್ ಹಿಡಿಯುತ್ತಿದ್ದ. ಅವಳ ಲಾಗಿನ್‌ನಲ್ಲಿ ತೆರೆದಿಟ್ಟ ಇ-ಜರ್ನಲ್‌ಗಳಲ್ಲಿ ಕೃಷಿಯದನ್ನೇ ಹುಡುಕುತ್ತಿದ್ದ. ಅವಳು ಹತ್ತಿರ ಹೋದರೆ ಸಾಕು, ಎಲ್ಲ ಮುಚ್ಚಿ ಕ್ರಿಕೆಟ್ ಸ್ಕೋರ್ ತೆಗೆಯುತ್ತಿದ್ದ. ಕ್ರಿಕೆಟ್ ಇಲ್ಲದ ದಿನವೂ!

"ಏನ್ ಓದಾಕತ್ತೀರಿ ಸರ್?"

"ಏನಿಲ್ರಿ ಮೇಡಂ. ಸುಮ್ಮನ."

"ಸುಮ್ಮನ ಓದೋರು ಬೆವರತಾರನ್ರಿ?"

ಅವನು ಫ್ಯಾನ್ ಕಡೆ ನೋಡಿದ. ಫ್ಯಾನ್ ಗಿರ್ರೆಂದು ತಿರುಗುತ್ತಿತ್ತು. ಆಮೇಲೆ ಓರೆಗಣ್ಣಿನಿಂದ ಅವಳ ಕಡೆ ನೋಡಿ, ಸಿಕ್ಕಿಬಿದ್ದವನ ಹಾಗೆ ನಕ್ಕ.

ಎದ್ದು ಹೋಗ್ರಿ ಎನ್ನಬಹುದಿತ್ತು. ಆದರೆ ಅವನು ಬರುವ ಹೊತ್ತಿಗೆ ಮುಡಿದ ಹೂವು ಸರಿಯಿದೆಯೇ ಎಂದು ಕಪಾಟಿನ ಗಾಜಿನಲ್ಲಿ ನೋಡಿಕೊಳ್ಳುವವಳು ಹಾಗೆ ಹೇಗೆ ಹೇಳಿಯಾಳು? ಸಂಶಯ ಒಂದು ಕಣ್ಣಿನಲ್ಲಿತ್ತು, ಇನ್ನೊಂದು ಕಣ್ಣು ಬಾಗಿಲ ಮೇಲಿತ್ತು.

ಅವಳ ತಲೆಬಿಸಿ ಬೇರೆಯೇ ಇತ್ತು. ಪುಸ್ತಕವಾದರೆ ಕೊಂಡ ಮೇಲೆ ಕಪಾಟಿನಲ್ಲಿ ಉಳಿಯುತ್ತದೆ. ಇ-ಜರ್ನಲ್ ಹಾಗಲ್ಲ, ಚಂದಾ ಮುಗಿದ ದಿನವೇ ಬಾಗಿಲು ಹಾಕಿಕೊಳ್ಳುತ್ತದೆ, ಹಳೆಯ ಸಂಚಿಕೆಗಳೂ ಒಳಗೇ ಉಳಿಯುತ್ತವೆ. ಈ ತಿಂಗಳಿಗೆ ಚಂದಾ ಮುಗಿಯುತ್ತಿತ್ತು, ಮುಂದುವರಿಸುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿಯಾಗಿತ್ತು. ನಾವು ಚಂದಾ ಕಟ್ಟಿದ ವರ್ಷಗಳದ್ದಾದರೂ ಉಳಿಸಿಕೊಳ್ಳೋಣ ಎಂದು ಅವಳು ಕೇಳಿದಾಗಲೆಲ್ಲ ಪ್ರಾಚಾರ್ಯ ಮಹಾಲಿಂಗಪ್ಪನವರದು ಒಂದೇ ಮಾತು, "ನೋಡೋಣಂತ."

ಒಂದು ಬೆಳಿಗ್ಗೆ ಅವರೇ ಕರೆಸಿದರು. ಪ್ರಕಾಶಕರಿಂದ ಮೇಲ್ ಬಂದಿತ್ತು. ನಿಮ್ಮ ಲೈಬ್ರರಿಯ ಲಾಗಿನ್‌ನಿಂದ ನಿನ್ನೆ ಒಂದೇ ಸಂಜೆ ರಾಶಿಗಟ್ಟಲೆ ಲೇಖನ ಇಳಿಸಿದ್ದಾರೆ, ಕಳ್ಳತನದ ಅನುಮಾನವಿದೆ, ಸಂಪರ್ಕ ಕಡಿದಿದ್ದೇವೆ.

"ಲಾಗಿನ್ ನಿಮ್ದು. ಯಾರು ಕದ್ದಾರಂತ ಸಂಜಿ ಒಳಗ ಹೇಳ್ರಿ. ಇಲ್ಲಾಂದ್ರ ನಿಮ್ಮ ನೌಕರಿ ಮ್ಯಾಲ ಬರತೈತಿ."

ನೇರ ಲೈಬ್ರರಿಗೆ ಬಂದಳು. ಮೂಲೆಯ ಕಂಪ್ಯೂಟರ್ ಹಿಂದೆ ಅವನು ಮರೆತುಹೋದ ಹಾರ್ಡ್‌ಡಿಸ್ಕ್ ಇತ್ತು. ಅದರ ಮೇಲೊಂದು ಚೀಟಿ, ಅವನದೇ ದುಂಡು ಅಕ್ಷರ: ಶೈಲಶ್ರೀ – ಹಗೆ.

ಹಗೆ! ನಾನು ಇವನಿಗೇನು ಅನ್ಯಾಯ ಮಾಡಿದ್ದೆ? ಫ್ಯಾನಿನ ಕೆಳಗಿನ ಒಳ್ಳೆ ಕುರ್ಚಿ ಕೊಟ್ಟಿದ್ದು ತಪ್ಪೇ? ನೌಕರಿ ಹೋಗುವ ಭಯಕ್ಕಿಂತ ಆ ಎರಡಕ್ಷರವೇ ಅವಳನ್ನು ಹೆಚ್ಚು ಸುಟ್ಟಿತು. ಪುಸ್ತಕಗಳ ಮರೆಯಲ್ಲಿ ನಿಂತು ಅತ್ತಳು.

ಸಂಜೆ ಕಳಕೇಶ ಏನೂ ಗೊತ್ತಿಲ್ಲದವನಂತೆ ಬಂದ.

"ನನ್ನ ಮ್ಯಾಲ ಇಷ್ಟ್ಯಾಕ್ರಿ ಹಗೆ?" ಡಿಸ್ಕನ್ನು ಅವನ ಮುಂದೆ ಕುಕ್ಕಿದಳು.

ಅವನ ಮುಖ ಕೆಂಪಾಯಿತು. "ಅಯ್ಯ, ನೋಡೇಬಿಟ್ರಿ? ತುಂಬಿದ ಮ್ಯಾಲ ಹೇಳಬೇಕಂತ ಇದ್ನಿ."

"ಇನ್ನೂ ತುಂಬಬೇಕನು?"

"ಅರ್ಧಾ ಖಾಲಿ ಐತ್ರಿ."

"ನಾಚಿಕಿ ಇಲ್ಲನ್ರಿ ನಿಮಗ! ಮನಸಿನಾಗ ಹಗೆ ಇಟ್ಕೊಂಡು ಎದುರಿಗೆ ನಕ್ಕೋಂತ ಕುಂಡ್ರತಿದ್ರಿ?"

ಕಳಕೇಶ ಬಾಯಿ ತೆರೆದು ನಿಂತ. "ಮನಸಿನಾಗ ಅಲ್ರಿ, ಹಗೆ ನೆಲದಾಗ ಇರತೈತಿ. ನಮ್ಮ ಅಂಗಳದಾಗ ಅಜ್ಜ ತೋಡಿಸಿದ್ದು ಇನ್ನೂ ಐತಿ. ಜ್ವಾಳ ತುಂಬಿ ಬಾಯಿ ಮುಚ್ಚಿದ್ರ ವರ್ಷಗಟ್ಲೆ ಕೆಡಂಗಿಲ್ಲ."

ಶೈಲಶ್ರೀ ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು. "ಹಗೇವು?"

"ನಿಮ್ಮ ಪ್ಯಾಟ್ಯಾಗ ಹಗೇವು. ನಮ್ಮ ಮನ್ಯಾಗ ಹಗೆ. ಇದು ನಿಮ್ಮ ಜರ್ನಲ್ ತುಂಬಿಡೂ ಹಗೆ."

ನಗು ಬಂತು. ಆದರೆ ಅಷ್ಟು ಸುಲಭಕ್ಕೆ ನಗುವವಳಲ್ಲ ಅವಳು. "ಖರೇ ಹೇಳ್ರಿ. ಉಳಿಸೂದಿದ್ರ ಕದ್ದು ಯಾಕ? ನಿನ್ನೆ ಒಮ್ಮೆಲೆ ಬಾಚಿದ್ದ್ಯಾಕ?"

ಅವನು ಬಾಗಿಲ ತನಕ ಹಿಂದೆ ಸರಿದ. "ಹಗೆ ಬಾಯಿ ತಗದ ಕೂಡಲೇ ಯಾರೂ ಒಳಗ ಇಳಿಯಂಗಿಲ್ರಿ. ಕೆಟ್ಟ ಗಾಳಿ ಹೋಗಲಿ ಅಂತ ದೂರ ನಿಂದರತಾರ. ನಾನೂ ಇಲ್ಲಿಂದನ ಹೇಳತೀನಿ."

"ಹೇಳ್ರಿ."

"ನೀವು ಪ್ರಾಚಾರ್ಯರ ಮುಂದ ಬೇಡಿಕೊಳ್ಳೂದು ಕೇಳಿದ್ನಿ. ನಾನ ಮಾಡಿ ಕೊಡೋಣಂತ, ನನಗ ಗೊತ್ತಿದ್ದ ಕೃಷಿಯಿಂದನ ಶುರು ಮಾಡಿದ್ನಿ. ಎಂಟ ದಿನದ ಕೆಲಸ. ಆದ್ರ ಮುಗದ್ರ ಇಲ್ಲಿ ಬರಾಕ ನೆವ ಎಲ್ಲೈತಿ? ದಿನಾ ನಾಕ ಲೇಖನ ಇಳಿಸೂದು, ನಿಮ್ಮನ್ನ ನೋಡೂದು. ನಿನ್ನೆ ಎಚ್ಚರಾತು, ಚಂದಾ ಮುಗಿಯಾಕ ಬಂದೈತಿ. ಗಡಿಬಿಡಿ ಮಾಡಿ ಬಾಚಿದ್ನಿ."

ಶೈಲಶ್ರೀ ಬೆಳಗಿನ ಮೇಲ್ ವಿಷಯ ತಿಳಿಸಿದಳು. ಕೇಳಿ ಅವನ ಮುಖ ಬಾಡಿತು. "ತಪ್ಪು ನಂದು. ಪ್ರಾಚಾರ್ಯರಿಗೆ ಈಗ ಹೇಳತೀನಿ."

"ತಡೀರಿ. ಚಂದಾ ಕಟ್ಟಿದ ವರ್ಷಗಳ ಒಂದು ಪ್ರತಿ ಲೈಬ್ರರಿ ಇಟ್ಕೊಳ್ಳಾಕ ಕರಾರಿನಾಗ ಪರವಾನಗಿ ಐತಿ. ಕದಿಯೂ ವಸ್ತು ಅಲ್ಲ ಅದು. ಕೇಳಿ ತಗೋಬೇಕಿತ್ತು, ಅಷ್ಟ."

ಇಬ್ಬರೂ ಪ್ರಾಚಾರ್ಯರ ಎದುರು ನಿಂತರು. ಅವನು ತಪ್ಪೊಪ್ಪಿದ, ಅವಳು ಕರಾರು ತೋರಿಸಿದಳು. ಅವಳೇ ಪ್ರಕಾಶಕರಿಗೆ ಬರೆದಳು. ನಿಧಾನವಾಗಿ ಇಳಿಸಿಕೊಳ್ಳಿ ಎಂಬ ಮಾತಿನೊಂದಿಗೆ ಬಾಗಿಲು ಮತ್ತೆ ತೆರೆಯಿತು. ಚಂದಾದ ಕಡೆಯ ಸಂಜೆ ಅಕ್ಕಪಕ್ಕ ಕುಳಿತು ಕೊನೆಯ ಸಂಚಿಕೆ ಇಳಿಸಿದರು. ಶೈಲಶ್ರೀ ಇನ್ನೊಂದು ಡಿಸ್ಕಿಗೂ ಎಲ್ಲ ತುಂಬಿದಳು.

"ಇದ್ಯಾಕ್ರಿ?"

"ಒಂದ ಕಡೆ ಇಟ್ರ ಕಾಯ್ದಿಟ್ಟಂಗಲ್ಲ. ಎರಡನೇದು ಬ್ಯಾರೆ ಊರಾಗ ಇರಬೇಕು. ಪ್ರಾಚಾರ್ಯರು ಒಪ್ಪ್ಯಾರ, ನಿಮ್ಮ ಮನ್ಯಾಗ ಇರಲಿ. ಆದ್ರ ಆಗಾಗ ನಾ ಬಂದು ತಗದು ನೋಡಬೇಕಾಗತೈತಿ, ಕೆಟ್ಟೈತೋ ಚಲೋ ಐತೋ ಅಂತ."

"ಆಗಾಗ ಬರೂದ್ಯಾಕ್ರಿ?" ಕಳಕೇಶ ಕೀಬೋರ್ಡ್ ನೋಡುತ್ತ ಹೇಳಿದ. "ಅಲ್ಲೇ ಇದ್ದುಬಿಡ್ರಲ್ಲ."

ಅವಳು ಹುಬ್ಬೇರಿಸಿ ಅವನನ್ನು ಸಂಶಯದಿಂದಲೇ ಅಳೆದಳು. "ಇದೂ ಏನರೆ ನೆವಾನ?"

"ಅಲ್ರಿ. ಈ ಸಲ ಕೇಳಿ ತಗೋಬೇಕಂತ ಮಾಡೀನಿ."

ಶೈಲಶ್ರೀ ಪೆನ್ನು ತೆಗೆದು ಹಳೆಯ ಚೀಟಿಯ ಹಗೆಗೆ ದೀರ್ಘ ಎಳೆದು, ಪಕ್ಕದಲ್ಲಿ 'ವು' ಬರೆದಳು. ತನ್ನ ಹೆಸರಿನ ಮುಂದೆ ಅವನ ಹೆಸರನ್ನೂ ಸೇರಿಸಿದಳು.

"ಪ್ಯಾಟ್ಯಾಗ ನಮ್ಮ ಅಪ್ಪನ ಅಂಗಡಿ ಗೊತ್ತೈತಲ್ರಿ? ಹೋಗಿ ಕೇಳ್ರಿ. ನಾ ಹೂಂ ಅಂದೀನಂತ ಹೇಳ್ರಿ."