ಅಬ್ಬರದ ಡಬ್ಬಿ

ರೇಸ್ ಕಾರು ಬಂದು ನಿಂತಿತು. ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಡಾ. ಸಿಂಚನಾ ಬಗ್ಗಿ ಹೊಗೆಕೊಳವೆಯ ಬಾಯಿಗೆ ಬರಿಗೈ ಒಡ್ಡಿದಳು. ಬೇರೆ ಕಾರಾಗಿದ್ದರೆ ಕೈ ಸುಟ್ಟು ಕರಕಲಾಗುತ್ತಿತ್ತು. ಇಲ್ಲಿ ಬಂದದ್ದು ಬಾಣಂತಿ ಕೋಣೆಯ ಬೆಚ್ಚನೆ ಗಾಳಿ.

ಟರ್ಬೊ ಇಂಜಿನ್ನಿನಲ್ಲಿ ಹೊರಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಇಂಧನ, ವಿದ್ಯುತ್ತು ಎರಡರಲ್ಲೂ ಓಡುವ ಹೈಬ್ರಿಡ್ ಬಂದಮೇಲೆ ಅದೇ ಚಕ್ರಕ್ಕೆ ಡೈನಮೊ ಕೂರಿಸಿ ವಿದ್ಯುತ್ತನ್ನೂ ತೆಗೆದರು. ಸಿಂಚನಾ ಇನ್ನೂ ಮುಂದೆ ಹೋಗಿ, ಹೊಗೆಯ ಬಿಸಿಯನ್ನೂ ಸದ್ದನ್ನೂ ಹೀರಿ ವಿದ್ಯುತ್ತಾಗಿಸುವ ಲೇಪನವೊಂದನ್ನು ಕೊಳವೆಯೊಳಗೆ ಬಳಿದಿದ್ದಳು. ಮೂರು ಲೀಟರ್ ಇಂಧನದ ಕೆಲಸ ಒಂದೇ ಲೀಟರಿನಲ್ಲಿ ಆಗುತ್ತಿತ್ತು. ಹೊಗೆಯೂ ಅಷ್ಟೇ ಕಡಿಮೆ.

ಅವಳಿಗೆ ರೇಸೆಂದರೆ ಅಷ್ಟಕ್ಕಷ್ಟೆ. ಬ್ಯಾಟರಿಯ ಖನಿಜ ತುಟ್ಟಿಯಾಗಿ ಬಸ್ಸುಗಳೆಲ್ಲ ಮತ್ತೆ ಡೀಸೆಲಿಗೆ ಮರಳಿದ್ದ ಕಾಲ, ೨೦೫೮ರ ಸುಮಾರು. ದಾವಣಗೆರೆ ಬಸ್ ನಿಲ್ದಾಣದೆದುರು ಮಂಡಕ್ಕಿ-ಮೆಣಸಿನಕಾಯಿ ಮಾರುವ ಅವಳ ತಾಯಿ ನೀಲಮ್ಮನ ಎದೆ ಹೊಗೆ ಕುಡಿದು ಕುಡಿದು ಕಟ್ಟಿಹೋಗಿತ್ತು. ಅಂಗಡಿ ಬಿಟ್ಟು ಬಾ ಎಂದರೆ ಕೇಳುವವಳಲ್ಲ. ಅವ್ವ ಬರದಿದ್ದರೆ ಬೇಡ, ಈ ಇಂಜಿನ್ ಬಸ್ಸಿಗೆ ಬರಲಿ ಎಂಬುದು ಮಗಳ ಹಠ. ಕಂಪನಿಯ ಒಡೆಯ ಚಿರಂತ್ ಮಾತು ಕೊಟ್ಟಿದ್ದ.

"ಮೊದ್ಲು ರೇಸ್ ಗೆಲ್ಲಲಿ ಮೇಡಂ. ರೇಸಲ್ಲಿ ಗೆದ್ದಿದ್ದು ರಸ್ತೆಗೆ ಇಳಿದೇ ಇಳಿಯುತ್ತೆ."

ಗೆದ್ದಿತು. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿದ್ದ ಟ್ರ್ಯಾಕಿನಲ್ಲಿ ಅವಳ ಕಾರು ಎಲ್ಲಕ್ಕಿಂತ ಮುಂಚೆ ಗೆರೆ ದಾಟಿತು. ಜನ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕಾರು ಹೋದದ್ದೇ ಗೊತ್ತಾಗಲಿಲ್ಲವೆಂದು ಗೊಣಗುತ್ತ ಎದ್ದರು. ಮುಂದಿನ ರೇಸಿಗೆ ಅರ್ಧ ಕುರ್ಚಿ ಖಾಲಿ.

"ಇದಕ್ಕೆ ಸದ್ದು ಬೇಕು ಮೇಡಂ," ಎಂದ ಚಿರಂತ್.

"ಸದ್ದು ಅಂದ್ರೆ ದಂಡವಾಗೋ ಶಕ್ತಿ. ಅದನ್ನ ಹಿಡಿಯೋಕೇ ಅಲ್ವಾ ಇಷ್ಟು ವರ್ಷ ಒದ್ದಾಡಿದ್ದು?"

"ನಾವೆಲ್ಲ ಹುಡುಗರಾಗಿದ್ದಾಗ ಹೊಸ ಬೈಕ್ ತಗೊಂಡ ದಿನಾನೇ ಸೈಲೆನ್ಸರ್ ಕೊಯ್ಸ್ತಿದ್ವಿ. ಗಣಪತಿ ಮೆರವಣಿಗೇಲಿ ಅದ್ರದ್ದೇ ಗತ್ತು. ಕೂಗದ ಗಾಡಿನ ಯಾರ್ ತಿರುಗಿ ನೋಡ್ತಾರೆ ಹೇಳಿ."

ಹುಟ್ಟುಗುಣ ಸುಟ್ಟರೂ ಹೋಗದು. ೨೦೨೫ರ ಹೊತ್ತಿಗೆ ಹಾಗೆ ಓಣಿ ಓಣಿ ಸುತ್ತಿ ಹಸುಗೂಸುಗಳ ನಿದ್ದೆ ಕೆಡಿಸಿದ್ದ ಹುಡುಗರೇ ಈಗ ತಲೆ ನರೆತು ಆಡಳಿತ ಮಂಡಳಿಯಲ್ಲಿ ಕುಳಿತಿದ್ದರು. ಉಳಿತಾಯವಾದ ಇಂಧನವನ್ನು ಕೊಳವೆಯ ತುದಿಯಲ್ಲಿ ಉರಿಸಿ ಗುಡುಗಿಸುವ ಒಂದು ಡಬ್ಬಿ ಮಾಡಿಕೊಡಿ, ಇಲ್ಲವಾದರೆ ಬಸ್ಸಿನ ಮಾತೂ ಬೇಡ ಎಂದರು. ಸಿಂಚನಾ ಹಲ್ಲು ಕಚ್ಚಿಕೊಂಡು ಮಾಡಿಕೊಟ್ಟಳು. ಬಸ್ಸಿಗೊಮ್ಮೆ ಇಂಜಿನ್ ಸೇರಲಿ, ಆಮೇಲೆ ಡಬ್ಬಿ ಕಿತ್ತೆಸೆದರಾಯಿತು ಎಂದುಕೊಂಡಳು.

ಡಬ್ಬಿ ಗುಡುಗಿತು, ಜನ ಕುಣಿದಾಡಿದರು. ವರ್ಷ ಕಳೆಯುವುದರೊಳಗೆ ಮಂಡಳಿಗೆ ಇನ್ನೊಂದು ಜ್ಞಾನೋದಯವಾಯಿತು. ಲೇಪನ ಉಳಿಸಿದ್ದನ್ನೆಲ್ಲ ಡಬ್ಬಿಯೇ ತಿನ್ನುವುದಾದರೆ ಲೇಪನವಾದರೂ ಯಾಕೆ? ಅದನ್ನು ಕೈಬಿಟ್ಟು, ಡಬ್ಬಿಯೊಂದನ್ನೇ ಮಾರಲು ಹೊರಟರು. ಚಿರಂತ್ ಮಾತಿಗೆ ತಪ್ಪುವವನಲ್ಲ. ರೇಸಿನಲ್ಲಿ ಗೆದ್ದದ್ದು ರಸ್ತೆಗೆ ಇಳಿಯಿತು. ಮೊದಲು ಕೊಂಡವರು ಖಾಸಗಿ ಬಸ್ಸಿನವರೇ.

ಕೆಲಸ ಬಿಟ್ಟ ಸಿಂಚನಾ ಅವ್ವನ ಅಂಗಡಿಗೆ ಬಂದಾಗ ಎದುರಿಗೇ ಒಂದು ಬಸ್ಸು ಕರಿಹೊಗೆ ಕಾರುತ್ತ ಅಬ್ಬರಿಸುತ್ತಿತ್ತು. ಮಂಡಕ್ಕಿ ತಟ್ಟೆ ಅದುರುತ್ತಿತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ನೀಲಮ್ಮ ಮಿರ್ಚಿ ಕಟ್ಟಿಕೊಡುತ್ತ ಬಸ್ಸಿನ ಡ್ರೈವರಿಗೆ ಹೇಳುತ್ತಿದ್ದಳು. "ಇವ್ಳೇ ನೋಡಪ್ಪ ನನ್ ಮಗ್ಳು. ನಿನ್ ಬಸ್ಸಿಗೆ ಡಬ್ಬಿ ಹಾಕ್ಯಾರಲ್ಲ, ಅದ್ನ ಮಾಡಿದಾಕಿ."

"ಹೌದೇನ್ರಿ ಮೇಡಂ?" ಅವನು ಕೈಮುಗಿದ. "ಇನ್ನೊಂಚೂರು ಜೋರು ಮಾಡಾಕೆ ಬರ್ತೈತೇನ್ರಿ?"

ಸಿಂಚನಾ ಅದುರುತ್ತಿದ್ದ ತಟ್ಟೆಯನ್ನು ಒತ್ತಿ ಹಿಡಿದಳು.

"ಮಾಡ್ತಾಳೆ ಬಿಡು. ಆಕಿ ಮನಸ್ ಮಾಡಿದ್ರೆ ಅದೇನ್ ದೊಡ್ ಕೆಲ್ಸ," ಎಂದು ಹೆಮ್ಮೆಯಿಂದ ನಗಲು ಹೋದ ನೀಲಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಡ್ರೈವರು ಹೋಗಿ ಬಸ್ ಹೊರಡಿಸಿದ. ಆ ಅಬ್ಬರದಲ್ಲಿ ಕೆಮ್ಮು ಯಾರಿಗೂ ಕೇಳಿಸಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡ ಅವ್ವನ ಹೆಗಲು ಅದುರುವುದಷ್ಟೇ ಮಗಳಿಗೆ ಕಾಣುತ್ತಿತ್ತು.