ಪಾರಣೆಗೆ ಇನ್ನೂ ಐದು ದಿನ

ಸಾವಕ್ಕ ಕಿರಿಯ ಸೊಸೆ ಛಾಯಾಳ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತುತ್ತಿದ್ದಳು. ಹಿರಿಯ ಸೊಸೆ ರತ್ನಮಾಲಾ ಕಂಬಕ್ಕೊರಗಿ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಬಾಳಿದವಳು ಅವಳು. ಮೊಣಕಾಲು ಬಾತು ಎದ್ದು ನಿಲ್ಲಲೂ ಆಗದೆ ನರಳಿದ ದಿನಗಳಲ್ಲಿ ಒಮ್ಮೆಯಾದರೂ ಅತ್ತೆ ಈ ಕಾಲುಗಳನ್ನು ಮುಟ್ಟಿದ್ದುಂಟೇ...

"ಬಿಡ್ರಿ ಅತ್ತಿ, ಅಕ್ಕಾರೂ ಉಪಾಸ ಅದಾರ," ಎಂದು ಛಾಯಾ ಕಾಲೆಳೆದುಕೊಂಡಳು.

"ಆಕೀದು ಯಾವಾಗಿದ್ರೂ ಏನರ ಒಂದು ಇದ್ದದ್ದ. ನಾಳೆ ಮುರೀತಾಳ ನೋಡು," ಎಂದಳು ಸಾವಕ್ಕ, ಹಿರಿಸೊಸೆಗೆ ಕೇಳಿಸುವಂತೆಯೇ.

ಇಚಲಕರಂಜಿಯ ಬಸದಿಯಲ್ಲಿ ದಶಲಕ್ಷಣ ಪರ್ವ ನಡೆದಿತ್ತು. ಹತ್ತು ದಿನ, ದಿನಕ್ಕೊಮ್ಮೆ ಕಾಸಿದ ನೀರು ಮಾತ್ರ. ಉಪವಾಸ ಪೂರೈಸಿದವಳನ್ನು ಹನ್ನೊಂದನೆಯ ದಿನ ಬ್ಯಾಂಡು ಬಾರಿಸಿಕೊಂಡು ಮನೆಗೆ ಕರೆತಂದು, ಉಡಿ ತುಂಬಿ, ಪಾರಣೆ ಮಾಡಿಸುತ್ತಿದ್ದರು. ಹಿಂದಿನ ವರ್ಷ ಆ ಗೌರವ ಛಾಯಾಳದಾಗಿತ್ತು. ರತ್ನಮಾಲಾಳಿಗೆ ಮಾತ್ರ ಯಾವ ವರ್ಷವೂ ಆ ಭಾಗ್ಯವಿರಲಿಲ್ಲ. ಎಂಟು ವರ್ಷದ ಸಕ್ಕರೆ ರೋಗ, ರಕ್ತದೊತ್ತಡ, ಸಂಧಿವಾತ, ಚಳಿಗಾಲ ಬಂದರೆ ದಮ್ಮು. ಔಷಧದ ಬಾಟಲಿಗಳ ಒಡತಿ ಎಂಬುದೊಂದೇ ಆ ಮನೆಯಲ್ಲಿ ಅವಳಿಗಿದ್ದ ಹೆಸರು!

ಪರ್ವದ ಹಿಂದಿನ ದಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಂತಾಗಿ ಅವಳು ಡಾಕ್ಟರರ ಬಳಿ ಹೋಗಿದ್ದಳು. ಗಂಡ ಕುಂಥುನಾಥ ಮೆಣಸಿನಕಾಯಿ ಖರೀದಿಗೆ ಗಡಹಿಂಗ್ಲಜಕ್ಕೆ ಹೋಗಿದ್ದ, ಆದ್ದರಿಂದ ಒಬ್ಬಳೇ. "ಎದಿದು ಸಂಶಯ ಐತ್ರಿ ಬಾಯಿ. ಕೊಲ್ಲಾಪುರಕ್ಕ ಹೋಗಿ ಕಾರ್ಡಿಯೋಗ್ರಾಮ ತಗಸ್ರಿ. ಅಲ್ಲೀತನಕ ಗುಳಗಿ ತಪ್ಪಿಸಬ್ಯಾಡ್ರಿ, ಹಸಗೊಂಡು ಇರಬ್ಯಾಡ್ರಿ," ಎಂದಿದ್ದರು ಡಾಕ್ಟರರು. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಬಸದಿಯಲ್ಲಿ ಛಾಯಾ ಉಪವಾಸದ ನೇಮ ಹಿಡಿಯಲು ಎದ್ದು ನಿಂತಾಗ ತಾನೂ ಎದ್ದು ನಿಂತಳು. ಭಕ್ತಿಯಿಂದ ಎಂದು ಬರೆಯಬಹುದಿತ್ತು, ಆದರೆ ಸುಳ್ಳಾಗುತ್ತದೆ. ಅದು ಶುದ್ಧ ಹೊಟ್ಟೆಕಿಚ್ಚು.

ಐದನೆಯ ದಿನ ಮಧ್ಯಾಹ್ನ ಛಾಯಾ ಹಿತ್ತಿಲಿಗೆ ಬಂದಾಗ ರತ್ನಮಾಲಾ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಸಿದು ಕುಳಿತಿದ್ದಳು. ಮುಖವೆಲ್ಲ ಬೆವರು. ಬಲಗೈ ಎದೆಯನ್ನು ಒತ್ತಿ ಹಿಡಿದಿತ್ತು.

"ಅಕ್ಕಾ, ಏನಾತ್ರಿ?"

"ಎದಿಮ್ಯಾಲ ಬೀಸೂಕಲ್ಲ ಇಟ್ಟಂಗ ಆಗೇತಿ... ಅತ್ತಿಗೆ ಹೇಳಿದ್ರ ನನ್ನ ಆಣಿ ಐತಿ ನಿನಗ."

ನೋವು ಇಳಿಯುವವರೆಗೆ ಛಾಯಾ ಅವಳ ಬೆನ್ನು ಸವರಿದಳು. ಮಾತು ಹೊರಡುತ್ತಲೇ ಡಾಕ್ಟರರು ಹೇಳಿದ್ದೆಲ್ಲ ರತ್ನಮಾಲಾಳ ಬಾಯಿಂದ ಹೊರಗೆ ಬಂತು.

"ಹಂಗಾರ ಈಗಿಂದೀಗ ಬಿಡ್ರಿ ಅಕ್ಕಾ. ಜೀವಾ ಇದ್ರ ಮುಂದಿನ ವರ್ಷ ಮಾಡೀರಿ."

"ನೀ ಬ್ಯಾಂಡ ಹಚ್ಚಿಸಿಕೊಂಡು ಬರಬೇಕು, ನಾ ಗುಳಗಿ ನುಂಗಕೋತ ಬಾಗಲದಾಗ ನಿಂತು ನೋಡಬೇಕು, ಹೌದಿಲ್ಲೊ? ನೀ ಬಿಡೂತನಕ ನಾ ಬಿಡಾಕಿ ಅಲ್ಲ."

ಛಾಯಾ ರತ್ನಮಾಲಾಳನ್ನು ಕೈಹಿಡಿದು ಪಡಸಾಲೆಗೆ ತಂದು ಕೂರಿಸಿದಳು. ಒಳಗೆ ಹೋಗಿ ಹಾಲಿನ ತಂಬಿಗೆ ತಂದು, ಸಾವಕ್ಕನ ಕಣ್ಣೆದುರೇ ಎತ್ತಿ ಅರ್ಧ ಕುಡಿದುಬಿಟ್ಟಳು.

"ನನಗ ಹಸಿವಿ ತಡೀಲಿಲ್ರಿ ಅತ್ತಿ."

ಸಾವಕ್ಕ ಹಣೆ ಬಡಿದುಕೊಂಡಳು. "ಐದು ದಿನದ ಪುಣ್ಯಾ ಒಲ್ಯಾಗ ಹಾಕಿದೆಲ್ಲ ನಮ್ಮವ್ವಾ... ಬಸದ್ಯಾಗ ಹೆಂಗ ಮಾರಿ ತೋರಸ್ಲಿ ನಾ?" ಬೈದು ಬೈದು ದಣಿದು, ಕೊನೆಗೆ ಅವಳು ಹಿರಿಸೊಸೆಯ ಕಡೆ ತಿರುಗಿದಳು. ಬಂದು ನೆಲದ ಮೇಲೆ ಕುಳಿತು ಆ ಬಾತ ಕಾಲುಗಳನ್ನು ತೊಡೆಯ ಮೇಲೆ ತೆಗೆದುಕೊಂಡಳು. "ನೀನ ಖರೇ ಸೊಸಿ ನೋಡವಾ. ಈ ಬ್ಯಾನ್ಯಾಗೂ ಗಟ್ಟಿ ನಿಂತಿ. ಇನ್ನೈದು ದಿನ ಅಷ್ಟ."

ರತ್ನಮಾಲಾ ಕಣ್ಣು ಮುಚ್ಚಿದಳು. ಅತ್ತೆಯ ಕೈ ಎಷ್ಟು ಮೆತ್ತಗಿತ್ತು... ಇಪ್ಪತ್ತೆರಡು ವರ್ಷ ಕಾದದ್ದು ತಾನಾಗಿಯೇ ಬಂದು ಕಾಲ ಬಳಿ ಕುಳಿತಿತ್ತು. ಇನ್ನೈದು ದಿನ ಕಳೆದರೆ ಬ್ಯಾಂಡು ಅವಳದು, ಉಡಿ ಅವಳದು, ಓಣಿಯ ಬಾಯಲ್ಲಿ ಹೆಸರೂ ಅವಳೊಬ್ಬಳದೇ. ಎದೆ ಐದು ದಿನ ತಡೆದೀತೇ? ತಡೆಯದಿದ್ದರೂ ಆಗಲಿ ಎನ್ನಿಸಿತು ಅವಳಿಗೆ. ಅಷ್ಟು ಸುಖವಾಗಿತ್ತು.

ಕಣ್ಣು ತೆರೆದಾಗ ಛಾಯಾ ಗೋಡೆಗೊತ್ತಿ ತಲೆ ತಗ್ಗಿಸಿ ನಿಂತಿದ್ದಳು. ಒಂದು ಮಾತು ಹೇಳಿದ್ದರೆ ಬೈಗುಳವೆಲ್ಲ ತಪ್ಪುತ್ತಿತ್ತು. ಆಣೆಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಕಣ್ಣೀರು ಗಲ್ಲದ ಮೇಲಿಳಿದರೂ ಒರೆಸಿಕೊಳ್ಳಲಿಲ್ಲ. ಅವಮಾನ ಹೊತ್ತು ನಿಂತ ಆ ಹುಡುಗಿ, ಮಾನ ಪಡೆದು ಕುಳಿತ ತನಗಿಂತ ದೊಡ್ಡವಳಾಗಿ ಕಂಡಳು. ರತ್ನಮಾಲಾಳ ಒಡಲು ಮತ್ತೆ ಭಗ್ಗೆಂದಿತು. ಕಳೆದುಕೊಳ್ಳುವುದರಲ್ಲೂ ಇವಳೇ ನನಗಿಂತ ಮುಂದೆ ಹೋಗಬೇಕೇ?

ಅವಳು ಕಾಲೆಳೆದುಕೊಂಡಳು.

"ಅತ್ತಿ, ಬೈಯೂದಿದ್ರ ನನಗ ಬೈರಿ. ಆಕಿಗೆ ಹಸಿವಿ ಆಗಿರಲಿಲ್ಲ. ನನ್ನ ಎದಿ ಕೆಟ್ಟಿರಬಹುದು ಅಂತ ಡಾಕ್ಟರ ಹೇಳ್ಯಾರ. ನಾ ಮುಚ್ಚಿಟ್ಟಿದ್ನಿ. ನಾ ಉಳೀಲಿ ಅಂತ ಆಕಿ ತನ್ನ ನೇಮಾ ಮುರಕೊಂಡ್ಲು..." ಎಂದವಳೇ ಕೈಚಾಚಿ ತಂಬಿಗೆ ತೆಗೆದುಕೊಂಡು, ಕಿರಿಯಳು ಕುಡಿದು ಬಿಟ್ಟಿದ್ದ ಹಾಲನ್ನು ಒಂದೇ ಗುಟುಕಿಗೆ ಕುಡಿದಳು. ಸಾವಕ್ಕ ಎದ್ದು ಗಡಹಿಂಗ್ಲಜಕ್ಕೆ ಮಗನಿಗೆ ಹೇಳಿ ಕಳಿಸಿದಳು.

ಆ ವರ್ಷ ಆ ಮನೆಗೆ ಬ್ಯಾಂಡು ಬರಲಿಲ್ಲ. ಸುದ್ದಿ ತಿಳಿದು ಓಡಿಬಂದ ಕುಂಥುನಾಥ ಮರುದಿನ ಬೆಳಗಿನ ಬಸ್ಸಿಗೆ ಹೆಂಡತಿಯನ್ನು ಕೊಲ್ಲಾಪುರಕ್ಕೆ ಕರೆದೊಯ್ದ. ಯಾರೂ ಕರೆಯದೆಯೇ ಛಾಯಾ ಜೊತೆಗೆ ಹೊರಟಳು. ಆಸ್ಪತ್ರೆಯಲ್ಲಿ ಕುಂಥುನಾಥ ಹೆಸರು ಬರೆಸಲು ಹೋದಾಗ ನೆಗೆಣ್ಣಿಯರಿಬ್ಬರೂ ಕಾರ್ಡಿಯೋಗ್ರಾಮಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತರು. ಒಳಗೆ ಏನು ಹೇಳುವರೋ ಎಂದು ರತ್ನಮಾಲಾ ಆ ಬಾಗಿಲನ್ನೇ ನೋಡುತ್ತಿದ್ದಳು.

"ಒಂದ ಮಾತು ಖರೇ ಹೇಳ್ತೇನಿ ಛಾಯಾ. ನಿನ್ನ ಉಪಕಾರ ನಾ ಮರಿಯಂಗಿಲ್ಲ. ಆದ್ರ ನಿನ್ನ ನೋಡಿದ್ರ ನನಗ ಹೊಟ್ಟಿ ಉರಿಯೂದು ಇನ್ನೂ ನಿಂತಿಲ್ಲ."

ಛಾಯಾ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಉರೀಲಿ ಬಿಡ್ರಿ ಅಕ್ಕಾ. ಅದಕ್ಕರ ನೀವು ಇರಬೇಕಲ್ರಿ."

ಒಳಗಿನಿಂದ ಹೆಸರು ಕರೆದರು. ರತ್ನಮಾಲಾ ಎದ್ದಳು, ಹಿಡಿದ ಕೈ ಬಿಡದೆ ಒಳಗೆ ಹೋದಳು.