ಟೇಪು ನಿಲ್ಲಿಸಿ ಅಳೆದ ದಾರಿ

“ಕೈ ಎತ್ತಿ ಸಾರ್. ಇನ್ನೂ ಮೇಲೆ,” ಎಂದ ಅಪ್ಪ.

ಬ್ಯಾಂಡ್ ಮಾಸ್ಟರ್ ಎರಡೂ ಕೈ ಎತ್ತಿದರು. ಅವರ ಜೊತೆ ಹೊಸ ಕೆಂಪು ಕೋಟೂ ಎದ್ದಿತು. ಕಾಲರ್ ಕಿವಿಯ ತನಕ ಬಂತು. ಅವರ ಅರ್ಧ ಮುಖ ಕೋಟಿನೊಳಗೆ ಮಾಯವಾಯಿತು.

“ನೋಡಿ ಟೈಲರೇ,” ಕೋಟಿನೊಳಗಿಂದ ದನಿ ಬಂತು. “ನಾನು ಹೀಗೆ ನಿಂತ್ರೆ ಬ್ಯಾಂಡಿನ ಮಕ್ಕಳು ಊದೋದು ಬಿಟ್ಟು ನಗ್ತಾವೆ, ಅಷ್ಟೆ.”

ಸ್ಟೂಲಿನ ಮೇಲೆ ಪಿನ್ನಿನ ಡಬ್ಬಿ ಹಿಡಿದು ಕೂತಿದ್ದ ಬಟನ್ ಈಗಾಗಲೇ ನಗುತ್ತಿದ್ದಳು. ಅಪ್ಪ ಕಣ್ಣು ದೊಡ್ಡದು ಮಾಡಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಎರಡು ವರ್ಷದವಳಿದ್ದಾಗ ಅಂಗಡಿಯ ಒಂದು ಬಟನ್ ನುಂಗಿ ಎಲ್ಲರನ್ನೂ ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಮನೆಯಲ್ಲಿ, ಬೀದಿಯಲ್ಲಿ, ಎಲ್ಲರಿಗೂ ಅವಳು ಬಟನ್ನೇ. ಈಗ ಐದನೇ ಕ್ಲಾಸು.

ಕೈ ಇಳಿಸಿದಾಗ ಬ್ಯಾಂಡ್ ಮಾಸ್ಟರ್ ಕಣ್ಣು ಎದುರಿನ ಗೋಡೆಗೆ ಹೋಯಿತು.

“ಅದೇನದು, ಅಷ್ಟು ದೊಡ್ಡದಾಗಿ ಅಂಟಿಸಿದೀರಿ?”

ಅಪ್ಪ ಬೆಳಗ್ಗೆಯಿಂದ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಯಾರೂ ಕೇಳದಿದ್ದರೆ ತಾನೇ ಗಂಟಲು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ.

“ನಮ್ಮ ಟೂರ್ ಪ್ಲಾನು ಸಾರ್! ಮೂರು ದಿನ. ಒಂದು ಮಳೆಕಾಡು, ಒಂದು ಕಡಲು. ಎಲ್ಲ ನನ್ನ ಮಗಳದೇ. ನಾನೂ ಇವಳ ಅಮ್ಮನೂ ಒಂದು ಗೆರೆ ಹಾಕಿದ್ರೆ ಕೇಳಿ!”

ಬಟನ್ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಒಂದು ವಾರದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಪ್ಪ ಹಾಲಿನವನಿಗೆ ಹೇಳಿದ್ದ, ಅಂಚೆಯವನಿಗೆ ಹೇಳಿದ್ದ, ಪ್ಯಾಂಟು ಚಿಕ್ಕದಾಯಿತೆಂದು ಜಗಳಕ್ಕೆ ಬಂದವರಿಗೂ ಹೇಳಿ ಕಳಿಸಿದ್ದ.

ಹೇಳಿಕೊಳ್ಳಬೇಕಾದ ಸಂಗತಿಯೇ ಅದು. ಅವರ ಮನೆಯವರು ಇದುವರೆಗೆ ಒಂದು ಟೂರಿಗೂ ಹೋದವರಲ್ಲ. ಶಾಲೆಗೆ ರಜೆ ಬಂದರೆ ಅಪ್ಪನಿಗೆ ಯೂನಿಫಾರ್ಮಿನ ರಾಶಿ. ಅಪ್ಪನಿಗೆ ಬಿಡುವಾದರೆ ಅಮ್ಮನಿಗೆ ರಜೆ ಸಿಗುತ್ತಿರಲಿಲ್ಲ. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವವಳು. ಈ ವರ್ಷ ಯೂನಿಫಾರ್ಮು ಬೇಗ ಮುಗಿದು, ಅಮ್ಮನಿಗೆ ಮೂರು ದಿನ ರಜೆಯೂ ಸಿಕ್ಕಿಬಿಟ್ಟಿತ್ತು.

ಆಮೇಲೆ ಶುರುವಾಯಿತು ಜಗಳ. ಅಪ್ಪನಿಗೆ ಮಳೆಕಾಡೇ ಆಗಬೇಕು. ಅಲ್ಲಿ ಮರಗಳ ತುದಿಯಿಂದ ತುದಿಗೆ ಕಟ್ಟಿದ ಹಗ್ಗದ ಸೇತುವೆ ಇದೆಯಂತೆ. ಬೆಳಗ್ಗೆ ಎಂಟಕ್ಕೆ ಮಾತ್ರ ಜನರನ್ನು ಹತ್ತಿಸುತ್ತಾರಂತೆ. ಅಮ್ಮನಿಗೆ ಬೀಚೇ ಬೇಕು. ಅಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆಯಂತೆ. ಮಧ್ಯಾಹ್ನ ಹನ್ನೆರಡಕ್ಕೆ, ದಿನಕ್ಕೆ ಒಂದೇ ಸಲ ಹೊರಡುತ್ತದಂತೆ.

“ವರ್ಷವೆಲ್ಲ ಗಾಜಲ್ಲಿ ಇಣುಕಿದ್ದು ಸಾಲ್ದಾ ನಿಂಗೆ?” ಎಂದು ಅಪ್ಪ ರೇಗಿಸಿದ್ದ.

“ಲ್ಯಾಬಲ್ಲಿ ಇಣುಕಿದ್ರೆ ಕಾಣೋದು ಕಾಯಿಲೆ. ಒಂದು ಸಲ ಮೀನು ನೋಡ್ತೀನಿ ಬಿಡಿ,” ಎಂದಿದ್ದಳು ಅಮ್ಮ.

“ಎರಡಕ್ಕೂ ಹೋಗೋಣ!” ಎಂದು ಮಧ್ಯೆ ಬಾಯಿ ಹಾಕಿದವಳು ಬಟನ್. “ಮ್ಯಾಪಲ್ಲಿ ಎರಡೂ ಪಕ್ಕಪಕ್ಕವೇ ಇದೆ.”

“ಹಂಗಾದ್ರೆ ನೀನೇ ಪ್ಲಾನ್ ಮಾಡು, ನೋಡೋಣ,” ಎಂದಿದ್ದ ಅಪ್ಪ.

ಅವಳು ಮಾಡಿಯೂ ಬಿಟ್ಟಳು. ಅಮ್ಮ ಫೋನಿನಲ್ಲಿ ದಾರಿ ನೋಡಿ ಹೇಳಲಾ ಎಂದರೆ, “ಬೇಡ, ಯಾರೂ ಮೂಗು ತೂರಿಸ್ಬೇಡಿ,” ಎಂದಳು. ಟ್ರಾವೆಲ್ಸ್ ಆಫೀಸಿನವರು ಕೊಟ್ಟಿದ್ದ ಮ್ಯಾಪನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಮೂಲೆಯಲ್ಲಿ ಒಂದು ಇಂಚಿಗೆ ಇಪ್ಪತ್ತು ಕಿಲೋಮೀಟರ್ ಎಂದು ಬರೆದಿತ್ತು. ಇಂಚು ಅಂದರೆ ಟೈಲರ್ ಮಗಳಿಗೆ ಭಯವೇ? ಅಪ್ಪನ ಟೇಪು ತಂದು, ಪ್ಯಾಂಟಿನ ಉದ್ದ ಅಳೆಯುವ ಹಾಗೆ ಬಿಗಿಯಾಗಿ ಎಳೆದು ಹಿಡಿದಳು. ಕಾಡಿನಿಂದ ಕಡಲಿಗೆ ಮೂರು ಇಂಚು, ಅಂದರೆ ಅರವತ್ತು ಕಿಲೋಮೀಟರ್. ಬೆಟ್ಟದ ರಸ್ತೆಯಲ್ಲಿ ಜೀಪು ಗಂಟೆಗೆ ಮೂವತ್ತು ಓಡುತ್ತದೆ ಎಂದೂ ಮ್ಯಾಪಿನಲ್ಲೇ ಇತ್ತು. ಎರಡು ಗಂಟೆ ಸಾಕು.

ಅಪ್ಪ ಬಟ್ಟೆಯ ಅಳತೆ ಬಿಡಿಸುವ ದೊಡ್ಡ ಕಂದು ಕಾಗದದಲ್ಲಿ ಮೂರು ಮನೆ ಹಾಕಿ, ಸ್ಕೆಚ್ ಪೆನ್ನಿನಲ್ಲಿ ಬರೆದಳು. ಎಡಕ್ಕೆ ಹಸಿರು: ಮೊದಲ ದಿನ ರೈಲು, ಸಂಜೆಗೆ ಕಾಡು. ನಡುವೆ ಎರಡನೇ ದಿನ: ಎಂಟಕ್ಕೆ ಸೇತುವೆ, ಒಂಬತ್ತೂವರೆಗೆ ಜೀಪು, ಹನ್ನೊಂದೂವರೆಗೆ ಕಡಲು, ಹನ್ನೆರಡಕ್ಕೆ ದೋಣಿ. ಬಲಕ್ಕೆ ನೀಲಿ: ಮೂರನೇ ದಿನ ಬೀಚಿನಲ್ಲಿ ಆಟ, ಹನ್ನೊಂದಕ್ಕೆ ವಾಪಸ್ ರೈಲು.

ಅಪ್ಪ ಅದನ್ನು ಆಳೆತ್ತರದ ಕನ್ನಡಿಯ ಎದುರು ಗೋಡೆಗೇ ಅಂಟಿಸಿದ್ದ. ಟ್ರಯಲ್ ನೋಡಲು ಕನ್ನಡಿ ಮುಂದೆ ನಿಂತವರು ನೋಡದೆ ಹೋಗುವಂತಿರಲಿಲ್ಲ.

“ಇವತ್ತು ಐದು ಗಂಟೆಗೆ ಬುಕ್ ಮಾಡೋಕೆ ಹೋಗ್ತಿದೀನಿ,” ಎಂದ ಅಪ್ಪ, ಕೋಟು ಬಿಚ್ಚಿಸಿ ಮೇಜಿನ ಮೇಲೆ ಹರಡುತ್ತಾ. “ಇವತ್ತು ಬಿಟ್ರೆ ರೂಮು ಸಿಗಲ್ಲ.”

ನಂತರ ಅಪ್ಪ ಕೋಟಿನ ತೋಳು ಕೂಡುವ ಜಾಗವನ್ನು ಅಳೆಯತೊಡಗಿದ. ಟೇಪನ್ನು ಮಲಗಿಸಲಿಲ್ಲ. ಅದರ ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಬಾಗಿದ ಹಾಗೇ ಬಾಗಿಸುತ್ತಾ ಬೆರಳಿನಿಂದ ದೂಡಿಕೊಂಡು ಹೋದ.

“ಇದ್ಯಾಕೆ ಟೇಪು ಎದ್ದು ನಿಂತಿದೆ?” ಕೇಳಿದರು ಬ್ಯಾಂಡ್ ಮಾಸ್ಟರ್.

“ಕಂಕುಳ ಸುತ್ತು ನೆಟ್ಟಗಿರಲ್ಲ ಸಾರ್. ಬಾಗಿರೋದನ್ನ ಮಲಗಿಸಿ ಅಳೆದ್ರೆ ಟೇಪು ಸುಳ್ಳು ಹೇಳುತ್ತೆ. ನಿಲ್ಲಿಸಿದ್ರೆ ಅದೂ ಬಾಗುತ್ತೆ, ಆಗ ನಿಜ ಹೇಳುತ್ತೆ.”

ಬಟನ್ ಇದನ್ನು ಸಾವಿರ ಸಲ ನೋಡಿದ್ದಳು. ಆದರೆ ನೋಡಿದ್ದೆಲ್ಲ ಕೋಟಿನ ಮೇಲೆ, ಶರ್ಟಿನ ಮೇಲೆ. ಇವತ್ತು ಯಾಕೋ ಅವಳ ಕಣ್ಣ ಮುಂದೆ ಮ್ಯಾಪಿನ ಆ ರಸ್ತೆ ಬಂತು. ಕಾಡಿನಿಂದ ಕಡಲಿಗೆ ಇಳಿಯುವ, ಬಿದ್ದ ದಾರದಂತೆ ಸುತ್ತಿ ಸುತ್ತಿ ಹೋಗುವ ಕೆಂಪು ಗೆರೆ.

ಅದನ್ನು ಅವಳು ಟೇಪು ಬಿಗಿಯಾಗಿ ಎಳೆದು ಅಳೆದಿದ್ದಳು!

ಪಿನ್ನಿನ ಡಬ್ಬಿ ಸ್ಟೂಲಿನ ಮೇಲಿಟ್ಟು, ಮೊಳೆಗೆ ನೇತುಹಾಕಿದ್ದ ಇನ್ನೊಂದು ಟೇಪನ್ನೂ ಮೇಜಿನ ಖಾನೆಯಲ್ಲಿದ್ದ ಮ್ಯಾಪನ್ನೂ ತೆಗೆದುಕೊಂಡು, ಟ್ರಯಲ್ ರೂಮಿನ ಪರದೆಯ ಹಿಂದೆ ನುಗ್ಗಿದಳು. ನೆಲದ ಮೇಲೆ ಮ್ಯಾಪು ಹರಡಿದಳು. ಟೇಪನ್ನು ನಿಲ್ಲಿಸಿದಳು. ಅದು ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಉಸಿರು ಬಿಗಿಹಿಡಿದು ಒಂದೊಂದು ತಿರುವಿನಲ್ಲೂ ಬಾಗಿಸುತ್ತಾ ಹೋದಳು. ಮೂರು ಇಂಚು ಬಂತು, ಇನ್ನೂ ಬೆಟ್ಟವೇ ಮುಗಿದಿರಲಿಲ್ಲ. ನಾಲ್ಕು, ಐದು, ಆರು. ಕಡಲಿನ ನೀಲಿ ಮುಟ್ಟಿದಾಗ ಏಳು ಇಂಚು.

ನೂರಾ ನಲವತ್ತು ಕಿಲೋಮೀಟರ್. ಹೆಚ್ಚು ಕಡಿಮೆ ಐದು ಗಂಟೆ!

ಒಂಬತ್ತೂವರೆಗೆ ಹೊರಟರೆ ಕಡಲು ಮುಟ್ಟುವುದು ಎರಡೂವರೆಗೆ. ಅಷ್ಟು ಹೊತ್ತಿಗೆ ದೋಣಿ ಹೋಗಿ, ಬಂದು, ಕಟ್ಟಿಯೂ ಆಗಿರುತ್ತದೆ. ಅಮ್ಮ ಲ್ಯಾಬಿನವರಿಗೆಲ್ಲ ಮೀನಿನ ಫೋಟೋ ತೋರಿಸುತ್ತೇನೆ ಎಂದು ಹೇಳಿಬಿಟ್ಟಿದ್ದಳು. ಬೆಳಗ್ಗೆ ಬೇಗ ಹೊರಡೋಣ ಎಂದರೆ ಅಪ್ಪನ ಸೇತುವೆ ಹೋಗುತ್ತದೆ. ಮೂರನೇ ದಿನ ದೋಣಿ ಹತ್ತೋಣ ಎಂದರೆ ಕಡಲಿನ ಊರಿಂದ ಇರುವುದು ಹನ್ನೊಂದರ ರೈಲೊಂದೇ.

ಪರದೆಯ ಸಂದಿಯಿಂದ ಗಡಿಯಾರ ನೋಡಿದಳು. ಮೂರೂ ಮುಕ್ಕಾಲು.

ಸುಮ್ಮನಿದ್ದುಬಿಡಲೇ? ಐದಕ್ಕೆ ಅಪ್ಪ ಆ ಕಾಗದ ಸುತ್ತಿಕೊಂಡು ಎದೆ ಉಬ್ಬಿಸಿಕೊಂಡು ಹೋಗುತ್ತಾನೆ. ಕೌಂಟರಿನವರು ಅವನ ಮುಖಕ್ಕೇ ನಗಬಹುದು. ನಗದೆ ಬುಕ್ ಮಾಡಿಬಿಟ್ಟರೆ ಇನ್ನೂ ಕಷ್ಟ. ಆದರೆ ಈಗ ಹೇಳಿದರೆ? ಬೀದಿಗೆಲ್ಲ ಡಂಗುರ ಸಾರಿದ ಅಪ್ಪ ನಾಳೆ ಹಾಲಿನವನ ಮುಖ ಹೇಗೆ ನೋಡುತ್ತಾನೆ? ಬಟನ್‌ಗೆ ನುಂಗಿದ್ದ ಆ ಹಳೇ ಬಟನ್ ಇನ್ನೂ ಹೊಟ್ಟೆಯಲ್ಲೇ ಇದೆಯೇನೋ ಅನ್ನಿಸಿತು.

ಮ್ಯಾಪು ಮಡಚಿ ಹೊರಗೆ ಬಂದಳು. ಬ್ಯಾಂಡ್ ಮಾಸ್ಟರ್ ಮತ್ತೆ ಕೋಟು ತೊಟ್ಟು ನಿಂತಿದ್ದರು. ಅಪ್ಪ ಬಾಯಿ ತುಂಬ ಪಿನ್ನು ಕಚ್ಚಿಕೊಂಡು ತೋಳಿಗೆ ಒಂದೊಂದೇ ಚುಚ್ಚುತ್ತಿದ್ದ.

“ಅಪ್ಪಾ.”

“ಹ್ಞೂಂ,” ಎಂದ ಅಪ್ಪ. ಅಷ್ಟು ಪಿನ್ನಿನ ಮಧ್ಯೆ ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

“ಪ್ಲಾನ್ ತಪ್ಪು.”

ಅಪ್ಪನ ಕೈ ನಿಂತಿತು.

“ರಸ್ತೇನ ಟೇಪು ಮಲಗಿಸಿ ಅಳೆದ್ಬಿಟ್ಟಿದ್ದೆ. ಈಗ ನಿಲ್ಲಿಸಿ ಅಳೆದೆ. ಎರಡು ಗಂಟೆ ಅಲ್ಲ, ಐದು ಗಂಟೆ. ಅಮ್ಮಂಗೆ ದೋಣಿ ತಪ್ಪಿಹೋಗುತ್ತೆ. ನೀನು ಎಲ್ಲರಿಗೂ ಹೇಳ್ಕೊಂಡು ಬಂದಿದೀಯ, ಆದ್ರೆ ಪ್ಲಾನ್ ತಪ್ಪು.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬ್ಯಾಂಡ್ ಮಾಸ್ಟರ್ ಪಾಪ, ಒಂದು ಕೈ ಎತ್ತಿಕೊಂಡೇ ನಿಂತಿದ್ದರು.

ಅಪ್ಪ ಬಾಯಿಂದ ಪಿನ್ನು ತೆಗೆಯತೊಡಗಿದ. ಒಂದು ತೆಗೆದ, ಮಣಿಕಟ್ಟಿನ ಮೆತ್ತೆಗೆ ಚುಚ್ಚಿದ. ಇನ್ನೊಂದು ತೆಗೆದ, ಚುಚ್ಚಿದ. ಅಷ್ಟು ನಿಧಾನವಾಗಿ ಅಪ್ಪ ಯಾವತ್ತೂ ಪಿನ್ನು ತೆಗೆದದ್ದಿಲ್ಲ ಅನ್ನಿಸಿತು ಬಟನ್‌ಗೆ. ಬೈದರೂ ಸರಿ, ಬೇಗ ಬೈಯಬಾರದೇ?

“ಯಾರು ಹೇಳಿದ್ರು ತಪ್ಪು ಅಂತ?” ಕೊನೆಯ ಪಿನ್ನು ತೆಗೆದ ಮೇಲೆ ಕೇಳಿದ.

“ಯಾರೂ ಇಲ್ಲ. ನಾನೇ ನೋಡಿದೆ.”

“ಏಳು, ಏಳೂವರೆ ಇಂಚು ಬಂತಾ?”

ಬಟನ್ ಬೆರಗಾದಳು. “ನಿಂಗೆ ಗೊತ್ತಿತ್ತಾ?”

“ನಂಗೇನು ಗೊತ್ತು? ನೂರಾ ನಲವತ್ತು, ನೂರಾ ಐವತ್ತು ಕಿಲೋಮೀಟರ್ ಇದ್ರೆ ತಾನೇ ಐದು ಗಂಟೆ ಆಗೋದು. ಲೆಕ್ಕ ಹಾಕಿದೆ.” ಅಪ್ಪ ಗೋಡೆಯ ಹತ್ತಿರ ಹೋಗಿ ಪ್ಲಾನನ್ನೇ ನೋಡುತ್ತಾ ನಿಂತ. ಅವನ ಮುಖ ಸ್ವಲ್ಪ ಸಪ್ಪಗಾಗಿದ್ದು ಬಟನ್‌ಗೆ ಕಂಡಿತು. ಆಮೇಲೆ ಅವನು ತಿರುಗಿದ. “ನಾನು ಹೊಲಿಗೆ ಕಲಿಯೋವಾಗ ಒಂದು ಕೋಟಿಗೆ ಎರಡೂ ಬಲಗೈ ತೋಳೇ ಕತ್ತರಿಸಿದ್ದೆ. ಹೇಳೋಕೆ ಧೈರ್ಯ ಸಾಲದೆ ಹಂಗೇ ಹೊಲಿದುಬಿಟ್ಟೆ. ಹಾಕ್ಕೊಂಡವರು ನಮ್ಮ ಯಜಮಾನರ ಮುಂದೆ ಬಂದು ನಿಂತ್ರು. ಹೆಂಗಿತ್ತು ಅಂತೀಯ!”

“ಹೆಂಗಿತ್ತು?” ಕೇಳಿದವರು ಬ್ಯಾಂಡ್ ಮಾಸ್ಟರ್.

“ಎಡಗೈ ಹಿಂದೆ ತಿರುಗಿ ಟಾಟಾ ಮಾಡ್ತಿತ್ತು ಸಾರ್.”

ಮೂವರೂ ನಕ್ಕರು. ನಗುತ್ತಿದ್ದಂತೆ ಬಟನ್ ಕಣ್ಣಲ್ಲಿ ನೀರು ಬಂತು. ಅದು ನಗೆಯದೋ ಇನ್ನೊಂದರದೋ ಅವಳಿಗೂ ತಿಳಿಯಲಿಲ್ಲ.

“ಐದಕ್ಕೆ ಇನ್ನೂ ಒಂದು ಗಂಟೆ ಇದೆ,” ಎಂದ ಅಪ್ಪ. “ಪ್ಲಾನ್ ನಿಂದು. ಬಿಚ್ಚೋದೂ ನೀನೇ, ಹೊಲಿಯೋದೂ ನೀನೇ. ನಾನು ಕೋಟು ನೋಡ್ತೀನಿ.” ಹೀಗೆಂದು ಮತ್ತೆ ಬಾಯಿಗೆ ಪಿನ್ನು ತುಂಬಿಕೊಂಡ.

ಬಟನ್ ಮೇಜಿನ ಮೂಲೆಯಲ್ಲಿ ಕೂತಳು. ಸೇತುವೆಗೆ ಎಂಟು ಗಂಟೆ, ದೋಣಿಗೆ ಹನ್ನೆರಡು, ನಡುವೆ ಐದು ಗಂಟೆ ದಾರಿ. ಎಲ್ಲಿ ಎಳೆದರೂ ಸಾಲದ ಬಟ್ಟೆ ಅದು. ಕಾಗದದ ತುಂಬ ಗೀಚಿದಳು, ಹೊಡೆದು ಹಾಕಿದಳು. ನಾಲ್ಕೂ ಹತ್ತಾಯಿತು. ಕೈ ಕೆನ್ನೆಗೆ ಹಚ್ಚಿ ತಲೆ ಎತ್ತಿದಳು.

ಎದುರಿಗೆ ಕನ್ನಡಿ. ಕನ್ನಡಿಯೊಳಗೆ ಬ್ಯಾಂಡ್ ಮಾಸ್ಟರ್, ಅವರ ಭುಜದ ಪಕ್ಕದಲ್ಲಿ ಗೋಡೆಯ ಪ್ಲಾನು. ಅಕ್ಷರವೆಲ್ಲ ಉಲ್ಟಾ. ಮೂರು ಮನೆಯೂ ಉಲ್ಟಾ. ಎಡಕ್ಕೆ ನೀಲಿ, ಬಲಕ್ಕೆ ಹಸಿರು.

ಮೊದಲು ಕಡಲು!

“ಅಪ್ಪಾ, ಅಲ್ಲಾಡ್ಬೇಡ!” ಎಂದು ಕೂಗಿದಳು. ಅಲ್ಲಾಡದೆ ನಿಂತವರು ಬ್ಯಾಂಡ್ ಮಾಸ್ಟರ್.

ಮೊದಲ ದಿನ ರೈಲು, ಸಂಜೆಗೆ ಬೀಚು. ಎರಡನೇ ದಿನ ಹನ್ನೆರಡಕ್ಕೆ ದೋಣಿ. ಒಂದು ಗಂಟೆಗೆ ಜೀಪು ಹತ್ತಿದರೆ ಐದು ಗಂಟೆ ದಾರಿ, ಆರಕ್ಕೆ ಕಾಡು. ಅಷ್ಟು ಹೊತ್ತಿಗೆ ಹಿಡಿಯಬೇಕಾದದ್ದು ಏನೂ ಇಲ್ಲ. ಮೂರನೇ ದಿನ ಎಂಟಕ್ಕೆ ಸೇತುವೆ. ವಾಪಸ್ ರೈಲು? ಮೇಜಿನ ಮೇಲಿದ್ದ ರೈಲಿನ ಟೈಂಟೇಬಲ್ ಪುಸ್ತಕವನ್ನು ಹರಿದು ಹೋಗುವಷ್ಟು ರಭಸದಿಂದ ತಿರುವಿದಳು. ಕಾಡಿನ ಊರಿಂದ ಎರಡೂವರೆಗೆ ಒಂದು ರೈಲಿತ್ತು.

ಬ್ಯಾಂಡ್ ಮಾಸ್ಟರ್ ಹೊಸ ಪ್ಲಾನನ್ನು ಎರಡು ಸಲ ಓದಿ, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಕೋಟು ಇದ್ದಲ್ಲೇ ಇತ್ತು.

ಐದಕ್ಕೆ ಅಪ್ಪ ಚಪ್ಪಲಿ ಮೆಟ್ಟಿ, “ನೀನೂ ಬಾ. ಅಲ್ಲಿ ಏನಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?” ಎಂದ.

ಟ್ರಾವೆಲ್ಸ್ ಆಫೀಸಿನ ಕೌಂಟರ್ ಬಟನ್‌ನ ಗಲ್ಲದ ತನಕ ಇತ್ತು. ಅದರ ಆಚೆ ಕೂತಿದ್ದ ಮೇಡಂ ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು.

“ಕಾಡು, ಕಡಲು ಎರಡೂನಾ? ನಡುವೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ ಸಾರ್? ತುಂಬಾ ಜನ ಎಡವೋದು ಇಲ್ಲೇ.”

ಅಪ್ಪ ಬಟನ್ ಕಡೆ ನೋಡಿದ.

“ಐದು ಗಂಟೆ,” ಎಂದಳು ಅವಳು. “ರಸ್ತೆ ತುಂಬಾ ಸುತ್ತು.”

“ಅಬ್ಬಾ, ಪರವಾಗಿಲ್ವೇ! ಯಾರು ಹೇಳಿಕೊಟ್ರು?”

ಎಲ್ಲ ನನ್ನ ಮಗಳದೇ ಎಂದು ಅಪ್ಪ ಶುರು ಮಾಡುವ ಹೊತ್ತು ಇದು. ಆದರೆ ಬಟನ್ ಬಾಯಿಂದ ಮಾತು ಮೊದಲೇ ಹೊರಟಿತು.

“ಮೊದಲು ನಾನೂ ಎರಡೇ ಗಂಟೆ ಅಂತ ತಪ್ಪು ಬರೆದಿದ್ದೆ. ಸರಿಯಾಗಿ ಅಳೆದಿರಲಿಲ್ಲ. ಇವತ್ತು ಮತ್ತೆ ಅಳೆದೆ.”

ಒಂದು ಗಂಟೆಯ ಹಿಂದೆ ಹೇಳಲೋ ಬೇಡವೋ ಎಂದು ಒದ್ದಾಡಿಸಿದ್ದ ಮಾತು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಈಗ ಅಪ್ಪ ಏನಾದರೂ ಹೇಳುತ್ತಾನೆ ಎಂದು ಕಾದಳು. ಹಾಲಿನವನಿಗೂ ಅಂಚೆಯವನಿಗೂ ಬಿಡದೆ ಹೇಳಿದ ಅಪ್ಪ ಈಗ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ. ಅವನ ಕೈ ಅವಳ ಭುಜದ ಮೇಲೆ ಬಂದು ಕೂತಿತ್ತು. ಪ್ಲಾನನ್ನು ಗೋಡೆಗೆ ಅಂಟಿಸಿದ ದಿನವೂ ಅಪ್ಪನ ಮುಖ ಇಷ್ಟು ಅರಳಿರಲಿಲ್ಲ. ಬಟನ್‌ಗೆ ಅದು ಚೆನ್ನಾಗಿ ನೆನಪಿತ್ತು.

ಮೇಡಂ ಒಂದು ಫಾರಂ ತೆಗೆದು ಅಪ್ಪನ ಮುಂದಿಟ್ಟರು. ಅಪ್ಪ ಅದನ್ನು ಬಟನ್ ಕಡೆ ಸರಿಸಿ, ಜೇಬಿನಿಂದ ತನ್ನ ಪೆನ್ನು ತೆಗೆದು ಕೊಟ್ಟ.

ಅವಳು ತುದಿಗಾಲ ಮೇಲೆ ನಿಂತು, ಒಂದಿಷ್ಟೂ ಅವಸರ ಮಾಡದೆ ಬರೆಯತೊಡಗಿದಳು. ಮೊದಲ ದಿನ, ಕಡಲು.